ಕೆನ್ಸಿಂಗ್ಟನ್ ಬೀದಿಯಲ್ಲಿ ಉಸಿರು ಎಣಿಸಲು ಕಲಿತದ್ದು

ಹೆರಾಯಿನ್, ಫೆಂಟನಿಲ್‌ನಂಥದ್ದು ಮಿತಿಮೀರಿ ಉಸಿರು ನಿಲ್ಲುತ್ತಿರುವವರನ್ನು ಉಳಿಸುವ ಔಷಧ ನಲೋಕ್ಸೋನ್. ಅದರ ಸ್ಪ್ರೇ ಹೊಡೆಯೋದನ್ನು ಕಲಿಯಲು ಹತ್ತು ನಿಮಿಷವೂ ಬೇಡ. ಪೊಟ್ಟಣ ಹರಿಯಿರಿ, ತುದಿಯನ್ನು ಒಂದು ಮೂಗಿನ ಹೊಳ್ಳೆಗೆ ಪೂರ್ತಿ ತೂರಿಸಿ, ಹೆಬ್ಬೆರಳಿನಿಂದ ಒತ್ತಿ. ಮುಗೀತು. ಕಷ್ಟ ಶುರುವಾಗೋದು ಅದಾದ ಮೇಲೆ. ಎರಡು ನಿಮಿಷ ಆಯ್ತು, ಮೂರು ನಿಮಿಷ ಆಯ್ತು, ಆ ಮನುಷ್ಯ ಕಣ್ಣು ಬಿಡಲಿಲ್ಲ. ಈಗೇನು ಮಾಡ್ತೀರಿ? ಇನ್ನೊಂದು ಹೊಡೀತೀರಾ? ಅದಾದ ಮೇಲೆ ಮತ್ತೊಂದಾ? ಫಿಲಡೆಲ್ಫಿಯಾದಲ್ಲಿ ಓವರ್‌ಡೋಸ್ ತರಬೇತಿ ಅಂದರೆ ಮುಕ್ಕಾಲು ಪಾಲು ಈ ಪ್ರಶ್ನೆಗೆ ಉತ್ತರ ಕಲಿಯೋದೇ. ನಾನು ಅದನ್ನು ಹೇಗೆ ಕಲಿತೆ, ಕಲಿತದ್ದು ಎಷ್ಟು ಬೇಗ ಹಳತಾಯಿತು ಅಂತ ಬರೀತಿದ್ದೀನಿ.

ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿಕೊಂಡಿರುವವಳು. ಊರು ಹಾಸನ ಜಿಲ್ಲೆ, ಈಗ ಮನೆ ಫಿಲಡೆಲ್ಫಿಯಾ ಪಕ್ಕದ ಎಕ್ಸ್‌ಟನ್‌ನಲ್ಲಿ. ಇಲ್ಲಿ ನಮ್ಮವರು ಜಾಸ್ತಿ. ದೋಸೆ ಹಿಟ್ಟಿನಿಂದ ಹಿಡಿದು ಬಾಳೆಎಲೆ ತನಕ ಎಲ್ಲ ಸಿಗುತ್ತೆ. ನಗರದ ಈಶಾನ್ಯ ಭಾಗದಲ್ಲಿರುವ ಕೆನ್ಸಿಂಗ್ಟನ್ ಅಂದರೆ ನಮ್ಮವರಿಗೆ ಯೂಟ್ಯೂಬ್‌ನಲ್ಲಿ ನೋಡುವ ಜಾಗ, ಅಷ್ಟೇ. ಮೆಟ್ರೊ ಹಳಿಯ ಕೆಳಗೆ ಜನ ಅರ್ಧ ಬಗ್ಗಿ, ನಿಂತ ನಿಲುವಿನಲ್ಲೇ ತೂಕಡಿಸುವ ವಿಡಿಯೊ ನಿಮ್ಮ ವಾಟ್ಸ್ಆ್ಯಪ್‌ಗೂ ಬಂದಿರುತ್ತೆ. ಮೇಲೆ ‘ಜಾಂಬಿ’ ಅಂತ ತಲೆಬರಹ ಬೇರೆ. ಅದನ್ನು ಫಾರ್ವರ್ಡ್ ಮಾಡುವವರ ಮೇಲೆ ನನಗೆ ಈಗ ಕೋಪ ಬರುತ್ತೆ.

ನಾನು ಈ ದಾರಿಗೆ ಬಂದದ್ದು ಸಮಾಜಸೇವೆಯ ಹುಮ್ಮಸ್ಸಿನಿಂದೇನೂ ಅಲ್ಲ. 2023ರ ಆರಂಭದಲ್ಲಿ ನಮಗೆ ಗೊತ್ತಿದ್ದ ಕನ್ನಡ ಕುಟುಂಬವೊಂದರ ಮಗ ಕಾಲೇಜು ಹಾಸ್ಟೆಲಿನಲ್ಲಿ ತೀರಿಕೊಂಡ. ಹಾರ್ಟ್ ಅಟ್ಯಾಕ್ ಅಂತ ಎಲ್ಲರೂ ಹೇಳಿದರು, ನಾವೂ ನಂಬಿದೆವು. ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಅವನ ತಾಯಿ ನಮ್ಮ ಅಡುಗೆಮನೆಯಲ್ಲಿ ಕೂತು ಬಾಯಿ ಬಿಟ್ಟರು. ಪರೀಕ್ಷೆ ಮುಗಿದ ರಾತ್ರಿ ಯಾರೋ ಒಂದು ನೀಲಿ ಮಾತ್ರೆ ಕೊಟ್ಟಿದ್ದರಂತೆ. ಒಂದು ಕಡೆ ‘ಎಂ’ ಅಕ್ಷರ, ಇನ್ನೊಂದು ಕಡೆ 30. ನೋಡೋಕೆ ಅಂಗಡಿಯ ಆಕ್ಸಿಕೋಡೋನ್ ನೋವಿನ ಮಾತ್ರೆಯೇ. ಒಳಗಿದ್ದದ್ದು ಫೆಂಟನಿಲ್.

ಫೆಂಟನಿಲ್ ಹೊಸ ವಿಷವಲ್ಲ. 1960ರ ಸುಮಾರಿಗೆ ಬೆಲ್ಜಿಯಂನಲ್ಲಿ ಪಾಲ್ ಯಾನ್ಸೆನ್ ಮಾಡಿದ ಔಷಧ ಅದು. ಬೆಂಗಳೂರಿನಲ್ಲೂ ಆಪರೇಷನ್ ಥಿಯೇಟರಿನಲ್ಲಿ ಇವತ್ತಿಗೂ ಕೊಡುತ್ತಾರೆ. ಹೆರಾಯಿನ್‌ಗಿಂತ ಸುಮಾರು 50 ಪಟ್ಟು ಜೋರು. ಅಭ್ಯಾಸ ಇಲ್ಲದವರಿಗೆ 2 ಮಿಲಿಗ್ರಾಮ್ ಸಾಕು ಪ್ರಾಣ ಹೋಗೋಕೆ ಅಂತ ಅಮೆರಿಕದ ಮಾದಕವಸ್ತು ನಿಗ್ರಹ ಇಲಾಖೆ ಹೇಳುತ್ತೆ. ಅದೇ ಇಲಾಖೆ 2023ರಲ್ಲಿ ಹಿಡಿದ ನಕಲಿ ಮಾತ್ರೆಗಳನ್ನು ಪರೀಕ್ಷೆ ಮಾಡಿದಾಗ ಹತ್ತರಲ್ಲಿ ಏಳು ಮಾತ್ರೆಗಳಲ್ಲಿ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಇತ್ತು. ಆಸ್ಪತ್ರೆಯಲ್ಲಿ ಇದನ್ನು ಮೈಕ್ರೊಗ್ರಾಮ್ ಲೆಕ್ಕದಲ್ಲಿ ಅಳೆದು ಕೊಡ್ತಾರೆ. ಯಾವುದೋ ಗ್ಯಾರೇಜಿನಲ್ಲಿ ಮಿಕ್ಸರ್ ಇಟ್ಟುಕೊಂಡು ಮಾತ್ರೆ ಒತ್ತುವವನಿಗೆ ಅದು ಹೇಗೆ ಸಾಧ್ಯ? ಚಿತ್ರಾನ್ನದಲ್ಲಿ ಹಸಿಮೆಣಸಿನಕಾಯಿ ಇದ್ದ ಹಾಗೆ, ಒಂದು ತುತ್ತಿಗೆ ಏನೂ ಸಿಗಲ್ಲ, ಇನ್ನೊಂದು ತುತ್ತಿಗೆ ಮೂರು ಸಿಗುತ್ತೆ. ಆ ಹುಡುಗನಿಗೆ ಸಿಕ್ಕಿದ್ದು ಅಂಥ ಮಾತ್ರೆ.

ಅವನ ರೂಮಿನಲ್ಲಿ ಇನ್ನೊಬ್ಬ ಹುಡುಗ ಇದ್ದ. ಗೊರಕೆ ಹೊಡೀತಿದ್ದಾನೆ ಅಂದುಕೊಂಡು ಹೆಡ್‌ಫೋನ್ ಹಾಕಿಕೊಂಡನಂತೆ. ತಾಯಿ ಇದನ್ನು ಹೇಳಿದಾಗ ನನಗೆ ಏನು ಹೇಳಬೇಕೋ ತೋಚಲಿಲ್ಲ. ಅವರೇ ಕೇಳಿದರು: “ಗೊರಕೆಗೂ ಅದಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗುತ್ತೆ ಅಂತ ಎಲ್ಲಾದರೂ ಹೇಳಿಕೊಡ್ತಾರೇನಮ್ಮಾ?”

ಹೇಳಿಕೊಡ್ತಾರೆ. ನಗರದ ಆರೋಗ್ಯ ಇಲಾಖೆ ಆನ್‌ಲೈನ್‌ನಲ್ಲಿ ಉಚಿತವಾಗಿ ಕ್ಲಾಸ್ ಮಾಡುತ್ತೆ. ಅದು ಮುಗಿಸಿ, ಕೈಯಾರೆ ಮಾಡಿ ಕಲಿಯೋಣ ಅಂತ ಒಂದು ಸ್ವಯಂಸೇವಾ ಗುಂಪಿಗೆ ಹೆಸರು ಕೊಟ್ಟೆ. ಚರ್ಚ್ ಒಂದರ ನೆಲಮಾಳಿಗೆಯಲ್ಲಿ ಕ್ಲಾಸು. ಪ್ಲಾಸ್ಟಿಕ್ ಕುರ್ಚಿ, ಕಹಿ ಕಾಫಿ, ನೆಲದ ಮೇಲೆ ಸೊಂಟದ ತನಕ ಮಾತ್ರ ಇರುವ ರಬ್ಬರ್ ಬೊಂಬೆ. ನಮ್ಮ ಜೊತೆ ಇಬ್ಬರು ಬಸ್ ಡ್ರೈವರ್‌ಗಳು, ಒಬ್ಬ ಬಾರ್ ಮಾಲೀಕ, ನರ್ಸಿಂಗ್ ಓದುವ ಹುಡುಗಿಯರು, ಒಬ್ಬರು ಅಜ್ಜಿ. ಕಲಿಸುವಾಕೆ ತಾನೇ ಹಲವು ವರ್ಷ ಹೆರಾಯಿನ್ ಚುಚ್ಚಿಕೊಂಡಿದ್ದವಳು. ಅದನ್ನು ಮುಚ್ಚಿಡಲೂ ಇಲ್ಲ, ಹೇಳಿಕೊಂಡು ಮೆರೆಯಲೂ ಇಲ್ಲ. ಕೆಲಸಕ್ಕೆ ಬೇಕಾದಷ್ಟು ಹೇಳಿದಳು.

ಮೊದಲು ಆ ತಾಯಿ ಕೇಳಿದ ಪ್ರಶ್ನೆಗೇ ಉತ್ತರ ಸಿಕ್ಕಿತು. ಮಾಮೂಲಿ ಗೊರಕೆಗೆ ಒಂದು ಲಯ ಇರುತ್ತೆ, ಮೈ ಅಲ್ಲಾಡಿಸಿದರೆ ನಿಲ್ಲುತ್ತೆ. ಓವರ್‌ಡೋಸ್‌ನಲ್ಲಿ ಗಂಟಲಲ್ಲಿ ನೀರು ಸಿಕ್ಕಿಕೊಂಡ ಹಾಗೆ ಗೊಳಗೊಳ ಸದ್ದು. ನಡುನಡುವೆ ತುಂಬ ಹೊತ್ತು ಏನೂ ಇಲ್ಲ. ಕರೆದರೆ ಓಗೊಡುವುದಿಲ್ಲ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣ. ಆಮೇಲೆ ತುಟಿ, ಉಗುರು ನೀಲಿ. ಇಷ್ಟು ಹೇಳಿ ಆಕೆ ನನ್ನ ಕಡೆ, ಪಕ್ಕದಲ್ಲಿದ್ದ ಕಪ್ಪು ಬಸ್ ಡ್ರೈವರ್ ಕಡೆ ನೋಡಿದಳು. “ನಿಮ್ಮ ಬಣ್ಣದವರಲ್ಲಿ ನೀಲಿ ಕಾಯ್ತಾ ಕೂತರೆ ಹೊತ್ತು ಮೀರುತ್ತೆ. ಬೂದಿ ಬಣ್ಣ ನೋಡಿ. ತುಟಿ ಮಡಚಿ ಒಳಭಾಗ ನೋಡಿ, ಉಗುರು ನೋಡಿ.” ಆನ್‌ಲೈನ್ ಕ್ಲಾಸಿನ ಚಿತ್ರದಲ್ಲಿ ಇದ್ದದ್ದು ಬಿಳಿಯನ ನೀಲಿ ತುಟಿ. ನಮ್ಮ ಮನೆಯ ಮಕ್ಕಳ ಮುಖದಲ್ಲಿ ಅದು ಹೇಗೆ ಕಾಣುತ್ತೆ ಅಂತ ಅವತ್ತೇ ಮೊದಲು ಯೋಚನೆ ಮಾಡಿದ್ದು.

ಆಮೇಲೆ ಬೊಂಬೆ. ಭುಜ ಅಲ್ಲಾಡಿಸು, ಜೋರಾಗಿ ಕೂಗು. ಏಳಲಿಲ್ಲವಾ? ಮುಷ್ಟಿ ಕಟ್ಟಿ ಗೆಣ್ಣಿನಿಂದ ಎದೆಮೂಳೆಯ ಮೇಲೆ ಗಟ್ಟಿಯಾಗಿ ಉಜ್ಜು. ಎಚ್ಚರ ಇದ್ದವರು ಆ ನೋವಿಗೆ ಬೈದುಕೊಂಡು ಏಳ್ತಾರೆ. ಅದಕ್ಕೂ ಏಳದಿದ್ದರೆ ಇಲ್ಲಿನ ತುರ್ತು ಸಹಾಯದ ನಂಬರ್ 911ಕ್ಕೆ ಫೋನ್. ಒಂದು ಸ್ಪ್ರೇ. ತಲೆ ಹಿಂದಕ್ಕೆ ವಾಲಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ, ಐದು ಸೆಕೆಂಡಿಗೆ ಒಂದರಂತೆ ಉಸಿರು ಊದು. ಮಧ್ಯೆ ಪ್ಲಾಸ್ಟಿಕ್ ಹಾಳೆ ಇರುತ್ತೆ, ಬಾಯಿಗೆ ಬಾಯಿ ತಾಗೋದಿಲ್ಲ. ನಾನು ಊದಿದಾಗ ಬೊಂಬೆಯ ಎದೆ ಏಳಲೇ ಇಲ್ಲ. ಗಲ್ಲ ಇನ್ನೂ ಎತ್ತಬೇಕಿತ್ತು. ಬಸ್ ಡ್ರೈವರ್ ಊದಿದ್ದೇ ತಡ, ಉಬ್ಬಿ ಬಂತು.

ನಲೋಕ್ಸೋನ್ ಮಾಡುವ ಕೆಲಸ ಸರಳ. ಮೆದುಳಿನ ಬುಡದಲ್ಲಿ ಉಸಿರಾಟ ನಡೆಸುವ ಜಾಗ ಇದೆ. ಫೆಂಟನಿಲ್ ಅಲ್ಲಿ ಹೋಗಿ ಕೂತು ‘ಉಸಿರಾಡು’ ಅನ್ನುವ ಆಜ್ಞೆಯನ್ನೇ ಮಂಕು ಮಾಡುತ್ತೆ. ನಲೋಕ್ಸೋನ್ ಅದನ್ನು ಅಲ್ಲಿಂದ ಎಬ್ಬಿಸಿ ತಾನು ಕೂರುತ್ತೆ. ಆದರೆ 30ರಿಂದ 90 ನಿಮಿಷ ಮಾತ್ರ. ಆಮೇಲೆ ಮತ್ತೆ ಉಸಿರು ಕುಗ್ಗಬಹುದು, ಹಾಗಾಗಿ ಬಿಟ್ಟು ಹೋಗಬಾರದು. ಹೆರಾಯಿನ್, ಫೆಂಟನಿಲ್‌ನಂಥ ಅಫೀಮಿನ ಜಾತಿಯವನ್ನು ಓಪಿಯಾಯ್ಡ್ ಅಂತಾರೆ. ಓಪಿಯಾಯ್ಡ್ ಅಲ್ಲದ್ದಕ್ಕೆ ಇದು ನಾಟುವುದಿಲ್ಲ. ಓಪಿಯಾಯ್ಡ್ ತಗೊಳ್ಳದವರಿಗೆ ಕೊಟ್ಟರೆ ತೊಂದರೆಯೂ ಇಲ್ಲ.

ಈ ‘ಓಪಿಯಾಯ್ಡ್ ಅಲ್ಲದ್ದು’ ಬಂದಾಗ ಕ್ಲಾಸಿನ ದಾರಿಯೇ ಬದಲಾಯಿತು. “ನಮ್ಮ ಊರಿನ ಡೋಪ್‌ನಲ್ಲಿ, ಅಂದರೆ ಬೀದಿಯಲ್ಲಿ ಮಾರುವ ಹೆರಾಯಿನ್-ಫೆಂಟನಿಲ್ ಪುಡಿಯಲ್ಲಿ, ಕುದುರೆ, ದನಗಳಿಗೆ ಕೊಡುವ ಮತ್ತಿನ ಔಷಧ ಇದೆ. ಹೆಸರು ಜೈಲಜೀನ್. ಬೀದಿಯಲ್ಲಿ ‘ಟ್ರ್ಯಾಂಕ್’ ಅಂತಾರೆ,” ಅಂದಳು. ಬೋರ್ಡಿನ ಮೇಲೆ ಬರೆದ ಹೆಸರು ನೋಡಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ನಮ್ಮ ಮನೆಯ ನಡುಮನೆ ಕಪಾಟಿನಲ್ಲಿ ಆ ಹೆಸರಿನ ಬಾಟಲಿ ನೋಡಿಕೊಂಡೇ ನಾನು ಬೆಳೆದದ್ದು. ಅಪ್ಪ ನಿವೃತ್ತ ಪಶುವೈದ್ಯರು.

ಅವತ್ತು ಕಾರಿನಲ್ಲಿ ಕೂತೇ ಫೋನ್ ಮಾಡಿದೆ. ಅಲ್ಲಿ ಇನ್ನೂ ಬೆಳಗಿನ ಜಾವ.

“ಮನುಷ್ಯರು ತಗೊಳ್ತಾರಾ?” ಅಪ್ಪನಿಗೆ ನಂಬಿಕೆಯೇ ಬರಲಿಲ್ಲ. “ಅಲ್ಲ ಪುಟ್ಟಿ, ಅದನ್ನ ದನಕ್ಕೆ ಕೊಡೋಕೇ ನಾವು ಹೆದರ್ತಿದ್ವಿ. ಕುದುರೆಗೆ ಕೊಡೋದರಲ್ಲಿ ಹತ್ತನೇ ಒಂದು ಪಾಲು ಸಾಕು ಹಸುವಿಗೆ. ಒಂಚೂರು ಜಾಸ್ತಿ ಆಯ್ತೋ, ಮಲಗಿದ್ದು ಏಳಲ್ಲ. ಜೊಲ್ಲು ಸುರಿಸುತ್ತೆ, ಹೊಟ್ಟೆ ಉಬ್ಬರಿಸುತ್ತೆ. ಮಗ್ಗುಲಾಗಿ ಬೀಳೋಕೆ ಬಿಡ್ಬಾರ್ದು ಕಣೇ, ಎದೆ ಮೇಲೆ ಕೂರಿಸಿ ಹುಲ್ಲಿನ ಪಿಂಡಿ ಒತ್ತು ಕೊಡಬೇಕು.”

“ನಾವು ಮನುಷ್ಯರನ್ನ ಮಗ್ಗುಲಾಗೇ ಮಲಗಿಸಬೇಕಂತೆ ಅಪ್ಪ. ವಾಂತಿ ಗಂಟಲಿಗೆ ಸಿಗದೇ ಇರಲಿ ಅಂತ.”

“ಸರಿ, ಅವರಿಗೆ ನಾಲ್ಕು ಹೊಟ್ಟೆ ಇಲ್ವಲ್ಲ. ಅಂದ ಹಾಗೆ ಇಳಿಸೋಕೆ ಏನು ಕೊಡ್ತೀರಿ? ಆನೆ ಹಿಡಿದಾಗ ಜೈಲಜೀನ್, ಕೆಟಮಿನ್ ಕೊಟ್ಟು ಬೀಳಿಸಿ, ಏಳಿಸೋಕೆ ಯೋಹಿಂಬಿನ್ ಕೊಡ್ತಾರೆ. ನಿಮ್ಮಲ್ಲಿ?”

ಏನೂ ಇಲ್ಲ. ಮನುಷ್ಯರಲ್ಲಿ ಜೈಲಜೀನ್ ಇಳಿಸಲು ಒಪ್ಪಿಗೆ ಪಡೆದ ಔಷಧ ಯಾವುದೂ ಇಲ್ಲ. ಹಾಗಂದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಉಸಿರು ನೋಡ್ಕೊಂಡು ಕೂರಬೇಕಷ್ಟೇ” ಅಂದರು. ನಮ್ಮ ಕ್ಲಾಸಿನ ಎರಡನೇ ಅರ್ಧದಲ್ಲಿ ಹೇಳಿಕೊಟ್ಟದ್ದೂ ಅದನ್ನೇ.

ಜೈಲಜೀನ್ 1962ರಲ್ಲಿ ಜರ್ಮನಿಯ ಬೇಯರ್ ಕಂಪನಿ ಮಾಡಿದ್ದು. ರಕ್ತದೊತ್ತಡ ಇಳಿಸುವ ಔಷಧವಾಗಿ ಮನುಷ್ಯರ ಮೇಲೂ ನೋಡಿದ್ದರು. ಒತ್ತಡ ಮಿತಿಮೀರಿ ಇಳಿಯುತ್ತೆ ಅಂತ ಕೈಬಿಟ್ಟು ಪ್ರಾಣಿಗಳಿಗೆ ಮಾತ್ರ ಇಟ್ಟುಕೊಂಡರು. 2000ದ ದಶಕದಲ್ಲಿ ಪೋರ್ಟೊ ರಿಕೊ ದ್ವೀಪದ ಹೆರಾಯಿನ್‌ನಲ್ಲಿ ಕಾಣಿಸಿಕೊಂಡು, ಅಲ್ಲಿಂದ ಫಿಲಡೆಲ್ಫಿಯಾಕ್ಕೂ ಬಂತು. 2021ರಲ್ಲಿ ಇಲ್ಲಿ ಪರೀಕ್ಷೆಗೆ ಬಂದ ಡೋಪ್ ಮಾದರಿಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚಿನವುಗಳಲ್ಲಿ ಅದು ಇತ್ತು. 2022ರಲ್ಲಿ ಈ ಒಂದೇ ನಗರದಲ್ಲಿ ಓವರ್‌ಡೋಸ್‌ನಿಂದ 1,413 ಜನ ಸತ್ತರು. ಇಡೀ ದೇಶದಲ್ಲಿ ಆ ವರ್ಷ ಸುಮಾರು 1 ಲಕ್ಷ 8 ಸಾವಿರ. 2023ರ ಏಪ್ರಿಲ್‌ನಲ್ಲಿ ಶ್ವೇತಭವನವೇ ಫೆಂಟನಿಲ್ ಜೊತೆ ಬೆರೆತ ಜೈಲಜೀನ್ ಅನ್ನು ‘ಹೊಸದಾಗಿ ತಲೆಯೆತ್ತುತ್ತಿರುವ ಅಪಾಯ’ ಅಂತ ಘೋಷಿಸಿತು. ಅಲ್ಲಿಯವರೆಗೆ ಯಾವ ಮಾದಕವಸ್ತುವಿಗೂ ಹಾಗೆ ಮಾಡಿರಲಿಲ್ಲ.

ಯಾಕೆ ಬೆರೆಸ್ತಾರೆ? ಫೆಂಟನಿಲ್ ಬೇಗ ಇಳಿದುಹೋಗುತ್ತೆ. ಕೊಳ್ಳುವವರಿಗೆ ಹಳೆಯ ಹೆರಾಯಿನ್‌ನಂತೆ ಗಂಟೆಗಟ್ಟಲೆ ಇರಬೇಕು. ಜೈಲಜೀನ್ ಹಾಕಿದರೆ ಮಂಪರು ಉದ್ದವಾಗುತ್ತೆ. ಜೊತೆಗೆ ಅದು ಮಣ್ಣಿಗೆ ಅಗ್ಗ. ಚೀನಾದ ಪೂರೈಕೆದಾರರ ಹತ್ತಿರ ಪುಡಿ ಕಿಲೋಗೆ 6ರಿಂದ 20 ಡಾಲರ್‌ಗೆ ಸಿಗುತ್ತಿತ್ತು ಅಂತ 2022ರ ಸರ್ಕಾರಿ ವರದಿಯೊಂದು ಹೇಳಿತ್ತು. ಕೆನ್ಸಿಂಗ್ಟನ್‌ನಲ್ಲಿ ಡೋಪ್ ತುಂಬಿದ ಒಂದು ಸಣ್ಣ ಚೀಟಿಯ ಬೆಲೆಯೇ 5 ಡಾಲರ್. ಲಾಭ ನೀವೇ ಲೆಕ್ಕ ಹಾಕಿ.

ಈಗ ಆ ಮೂರು ನಿಮಿಷದ ಪ್ರಶ್ನೆ. ನಲೋಕ್ಸೋನ್ ಫೆಂಟನಿಲ್ ಅನ್ನು ಎಬ್ಬಿಸಿತು, ಉಸಿರು ವಾಪಸ್ ಬಂತು. ಜೈಲಜೀನ್ ಮಾತ್ರ ಅಲ್ಲೇ ಇದೆ. ಮನುಷ್ಯ ಉಸಿರಾಡುತ್ತಾ ಮಲಗಿದ್ದಾನೆ. ಗೊತ್ತಿಲ್ಲದವರು ಗಾಬರಿಯಾಗಿ ಒಂದರ ಮೇಲೊಂದು ಸ್ಪ್ರೇ ಹೊಡೀತಾರೆ. ಅದರಿಂದ ಅವನು ಏಳೋದಿಲ್ಲ. ಕೊನೆಗೆ ಎದ್ದಾಗ ಮೈಯಲ್ಲಿ ಒಂದು ತೊಟ್ಟೂ ಓಪಿಯಾಯ್ಡ್ ಕೆಲಸ ಮಾಡದೆ ವಾಂತಿ, ಬೆವರು, ನಡುಕ, ಸಿಟ್ಟು. ನೇರ ಹೋಗಿ ಮತ್ತೊಂದು ಚೀಟಿ ತಗೊಳ್ತಾನೆ. 8 ಮಿಲಿಗ್ರಾಮ್‌ನ ಜೋರು ಸ್ಪ್ರೇ ಕೂಡ ಮಾರುಕಟ್ಟೆಗೆ ಬಂದಿತ್ತು. ನ್ಯೂಯಾರ್ಕ್ ರಾಜ್ಯದ ಪೊಲೀಸರು ಅದನ್ನೂ ಮಾಮೂಲಿ 4 ಮಿಲಿಗ್ರಾಮ್‌ನದ್ದನ್ನೂ ಬಳಸಿ ನೋಡಿದರು, 2024ರಲ್ಲಿ ಫಲಿತಾಂಶ ಬಂತು. ಬದುಕಿದವರ ಪ್ರಮಾಣ ಎರಡರಲ್ಲೂ ಒಂದೇ. ವಾಂತಿ, ಸಂಕಟ ಮಾತ್ರ ಜೋರು ಸ್ಪ್ರೇಯಲ್ಲಿ ಜಾಸ್ತಿ. ನಮ್ಮ ಟೀಚರ್ ಇದನ್ನೆಲ್ಲ ಮೊದಲೇ ಬೀದಿಯಲ್ಲಿ ನೋಡಿಯಾಗಿತ್ತು. “ಅವರು ನಿಮಗೆ ಥ್ಯಾಂಕ್ಸ್ ಹೇಳಬೇಕು ಅಂತ ಕಾಯಬೇಡಿ. ನಿಮಿಷಕ್ಕೆ ಹತ್ತು ಹನ್ನೆರಡು ಉಸಿರು ಬರ್ತಿದ್ಯಾ? ಸ್ಪ್ರೇ ಕೆಳಗಿಡಿ. ಮಗ್ಗುಲಾಗಿ ಮಲಗಿಸಿ ಪಕ್ಕದಲ್ಲಿ ಕೂತ್ಕೊಳ್ಳಿ.”

ಪುಡಿಯಲ್ಲಿ ಫೆಂಟನಿಲ್ ಇದೆಯಾ ಅಂತ ನೋಡುವ ಕಾಗದದ ಪರೀಕ್ಷಾ ಪಟ್ಟಿಗಳ ಪಾಠ ಇನ್ನೊಂದು ದಿನ. ಖಾಲಿ ಚೀಟಿಯಲ್ಲಿ ಉಳಿದ ಪುಡಿಯನ್ನು ನೀರಿನಲ್ಲಿ ಕದಡಿ, ಪಟ್ಟಿಯನ್ನು ಅದರಲ್ಲಿ ಹದಿನೈದು ಸೆಕೆಂಡ್ ಹಿಡಿದು, ಎರಡು ನಿಮಿಷ ಬಿಟ್ಟು ನೋಡಬೇಕು. ಒಂದೇ ಗೆರೆ ಬಂದರೆ ಫೆಂಟನಿಲ್ ಇದೆ. ಎರಡು ಗೆರೆ ಬಂದರೆ ಇಲ್ಲ. ಕೋವಿಡ್ ಟೆಸ್ಟ್ ಮಾಡಿ ಮಾಡಿ ನಮಗೆಲ್ಲ ಎರಡು ಗೆರೆ ಕಂಡರೆ ಎದೆ ಧಸಕ್ ಅನ್ನೋದು ರೂಢಿ. ಇಲ್ಲಿ ಪೂರ್ತಿ ಉಲ್ಟಾ. ತರಗತಿಯಲ್ಲಿ ಅರ್ಧಕ್ಕರ್ಧ ಜನ ತಿರುವುಮುರುವು ಓದಿದರು, ಹಾಗಾಗಿ ಈಗ ಪಟ್ಟಿ ಹಂಚುವಾಗ ಪ್ರತಿಯೊಬ್ಬರಿಗೂ ಬಾಯಲ್ಲೇ ಹೇಳಿ ಕಳಿಸುತ್ತೇವೆ. ಈ ಪಟ್ಟಿ ಇಟ್ಟುಕೊಳ್ಳೋದೇ ಪೆನ್ಸಿಲ್ವೇನಿಯಾದಲ್ಲಿ ಮೊದಲು ಅಪರಾಧ. 2023ರ ಜನವರಿಯಿಂದ ಕಾನೂನು ಬದಲಾಗಿದೆ.

ನನ್ನ ಅಭಿಪ್ರಾಯ ಕೇಳಿದರೆ, ಕೆನ್ಸಿಂಗ್ಟನ್‌ನಲ್ಲಿ ಡೋಪ್ ಕೊಳ್ಳುವವನಿಗೆ ಫೆಂಟನಿಲ್ ಪಟ್ಟಿ ಕೊಟ್ಟು ಏನೂ ಪ್ರಯೋಜನವಿಲ್ಲ. ಫೆಂಟನಿಲ್ ಇದ್ದೇ ಇರುತ್ತೆ, ಅವನಿಗೂ ಗೊತ್ತು. ಆ ಪಟ್ಟಿ ನಿಜವಾಗಿ ಬೇಕಾಗಿರೋದು ಪಾರ್ಟಿಯಲ್ಲಿ ಕೊಕೇನ್ ಎಳೆಯುವವರಿಗೆ, ಹಾಸ್ಟೆಲಿನಲ್ಲಿ ಸ್ನೇಹಿತ ಕೊಟ್ಟ ಮಾತ್ರೆ ನುಂಗುವವರಿಗೆ. ಅವರು ಕೆನ್ಸಿಂಗ್ಟನ್‌ಗೆ ಬರೋದಿಲ್ಲ, ಎಕ್ಸ್‌ಟನ್‌ನಲ್ಲಿ ಇರ್ತಾರೆ. ಪಟ್ಟಿ ‘ಇಲ್ಲ’ ಅಂದ ಮಾತ್ರಕ್ಕೆ ಕ್ಷೇಮ ಅಂತಲೂ ಅಲ್ಲ. ಮಾತ್ರೆಯ ಒಂದು ತುಣುಕಿನಲ್ಲಿ ಇಲ್ಲದ್ದು ಇನ್ನೊಂದು ತುಣುಕಿನಲ್ಲಿ ಇರಬಹುದು. ಜೈಲಜೀನ್ ಪಟ್ಟಿಯದ್ದು ಇನ್ನೊಂದು ತಕರಾರು. ಪುಡಿಗೆ ಲಿಡೊಕೇನ್ ಸೇರಿದ್ದರೆ, ಅಂದರೆ ಹಲ್ಲಿನ ಡಾಕ್ಟರ್ ಮರಗಟ್ಟಿಸಲು ಕೊಡುವುದು, ಜೈಲಜೀನ್ ಇಲ್ಲದಿದ್ದರೂ ಇದೆ ಅಂತ ತೋರಿಸಿಬಿಡುತ್ತೆ. ಸರಿಯಾದ ಉತ್ತರ ಬೇಕೆಂದರೆ ಲ್ಯಾಬಿಗೇ ಕಳಿಸಬೇಕು.

ತರಬೇತಿ ಮುಗಿಸಿದವರು ಮೊದಲು ಹೊಸಬರಾಗಿ ಹಳಬರ ಜೊತೆ ಬೀದಿಗೆ ಹೋಗಬೇಕು. ನೀರಿನ ಬಾಟಲಿ, ಕಾಲುಚೀಲ, ನಲೋಕ್ಸೋನ್, ಬ್ಯಾಂಡೇಜು ತುಂಬಿದ ತಳ್ಳುಗಾಡಿ. ಅಲೆಗೆನಿ ಸ್ಟೇಷನ್‌ನಿಂದ ಸಾಮರ್ಸೆಟ್ ಕಡೆಗೆ ಕೆನ್ಸಿಂಗ್ಟನ್ ಅವೆನ್ಯೂ ಮೇಲೆ ನಡಿಗೆ. ತಲೆಯ ಮೇಲೆ ರೈಲು ಹೋದಾಗಲೆಲ್ಲ ಮಾತು ನಿಲ್ಲಿಸಬೇಕು, ಏನೂ ಕೇಳಿಸಲ್ಲ. ಸ್ವಲ್ಪ ಪಕ್ಕಕ್ಕೆ ಮೆಕ್‌ಫರ್ಸನ್ ಚೌಕ, ಅದರ ನಡುವೆ ಕಲ್ಲಿನ ಕಂಬಗಳ ಹಳೆಯ ಲೈಬ್ರರಿ. 2017ರಲ್ಲಿ ಅಲ್ಲಿನ ಗ್ರಂಥಪಾಲಕರು ನಲೋಕ್ಸೋನ್ ಕಲಿತು, ಪುಸ್ತಕ ಬಿಟ್ಟು ಹೊರಗೋಡಿ ಜನರನ್ನು ಉಳಿಸುತ್ತಿದ್ದ ಸುದ್ದಿ ದೇಶವೆಲ್ಲ ಹರಡಿತ್ತು.

ನನ್ನ ಪಾಲಿಗೆ ಬಂದದ್ದು ಗಾಯದ ಸಾಮಾನು ಎತ್ತಿಕೊಡುವ ಕೆಲಸ. ಜೈಲಜೀನ್‌ನ ಗಾಯ ಸೂಜಿ ಚುಚ್ಚಿದ ಜಾಗದಲ್ಲೇ ಆಗಬೇಕೆಂದಿಲ್ಲ. ಸೇದುವವರಿಗೂ ಆಗುತ್ತೆ. ಮೊಣಕೈ ಕೆಳಗೆ, ಮೊಣಕಾಲು ಕೆಳಗೆ ಜಾಸ್ತಿ. ರಕ್ತನಾಳ ಬಿಗಿದು ಚರ್ಮಕ್ಕೆ ರಕ್ತ ಸಾಲದೆ ಹೀಗಾಗುತ್ತೆ ಅನ್ನೋದು ಒಂದು ವಿವರಣೆ. ಮೊದಲು ಸಣ್ಣ ನೇರಳೆ ಗುಳ್ಳೆ, ಆಮೇಲೆ ಕಪ್ಪು ಹೆಕ್ಕಳೆ, ಅದರ ಕೆಳಗೆ ಹಳ್ಳ. ನಮ್ಮ ಜೊತೆಗಿದ್ದ ನರ್ಸ್ ಒಬ್ಬ ಗಂಡಸಿನ ಕೈಯ ಹಳೇ ಬಟ್ಟೆಯನ್ನು ಉಪ್ಪುನೀರು ಹಾಕಿ ನೆನೆಸಿ ನೆನೆಸಿ ಬಿಚ್ಚಿದರು. ಎಳೆಯಲೇ ಇಲ್ಲ. ವಾಸನೆ ಬಂತು. ನರ್ಸ್ ಮುಖ ಒಂಚೂರೂ ಬದಲಾಗಲಿಲ್ಲ, “ನಿನ್ನ ನಾಯಿ ಹೇಗಿದೆ?” ಅಂತ ಕೇಳ್ತಾ ಕೆಲಸ ಮಾಡಿದರು. ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್ ಯಾವುದೂ ಹಾಕಬಾರದು, ಹೊಸ ಚರ್ಮ ಸುಟ್ಟುಹೋಗುತ್ತೆ. ಸೋಪು ನೀರು, ಮುಲಾಮು, ಅಂಟಿಕೊಳ್ಳದ ತೆಳು ಜಾಳಿಗೆ ಬಟ್ಟೆ, ಮೇಲೆ ದಪ್ಪ ಪ್ಯಾಡು, ಸುತ್ತಲೂ ಬ್ಯಾಂಡೇಜು. ಗಾಯ ಒಣಗಲು ಬಿಡಬಾರದು, ತೇವ ಇರಬೇಕು. ಸರಿಯಾಗಿ ನೋಡಿಕೊಂಡರೆ ವಾಸಿಯಾಗುತ್ತೆ. ಆದರೆ ಆಸ್ಪತ್ರೆಗೆ ಹೋಗು ಅಂದರೆ ಹೆಚ್ಚಿನವರು ಹೋಗಲ್ಲ. ಅಲ್ಲಿ ಗಂಟೆಗಟ್ಟಲೆ ಕಾಯುವಾಗ ಮೈ ಒದ್ದಾಡೋಕೆ ಶುರುವಾಗುತ್ತೆ, ಮುಖ ಸಿಂಡರಿಸಿಕೊಂಡು ಮಾತಾಡಿಸ್ತಾರೆ ಅನ್ನೋದು ಅವರ ದೂರು.

ಓವರ್‌ಡೋಸ್ ನಾನು ಕಣ್ಣಾರೆ ಕಂಡದ್ದು ಅಂಥದ್ದೇ ಒಂದು ಮಧ್ಯಾಹ್ನ. ಮುಚ್ಚಿದ ಅಂಗಡಿಯೊಂದರ ಶಟರ್‌ಗೆ ಒರಗಿ ಕೂತಿದ್ದ ಹೆಂಗಸು. ನಲವತ್ತರ ಹತ್ತಿರ, ಗುಲಾಬಿ ಜಾಕೆಟ್. ಗಲ್ಲ ಎದೆಗೆ ತಾಗಿತ್ತು. ನಮ್ಮ ತಂಡದ ಹಿರಿಯ ಹೋಗಿ ಕೂಗಿದ, ಎದೆಮೂಳೆ ಉಜ್ಜಿದ. ಏನೂ ಇಲ್ಲ. ನೆಲಕ್ಕೆ ಮಲಗಿಸಿದೆವು. ನನ್ನ ಕೈಗೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೊಟ್ಟ. ಅವಳ ಬೆರಳು ತಣ್ಣಗಿತ್ತು, ಮೊದಲು ಅಂಕಿಯೇ ಬರಲಿಲ್ಲ. ಉಜ್ಜಿ ಉಜ್ಜಿ ಬಿಸಿ ಮಾಡಿದೆ. 71 ಬಂತು. ಮನೆಯಲ್ಲಿ ಕೋವಿಡ್ ಕಾಲದಲ್ಲಿ 94 ಬಂದರೆ ಓಡಾಡಿಬಿಟ್ಟಿದ್ದೆವು. ಒಬ್ಬರು 911ಕ್ಕೆ ಮಾತಾಡ್ತಿದ್ದರು. ಒಂದು ಸ್ಪ್ರೇ ಹೋಯಿತು. ಹಿರಿಯ ಗಲ್ಲ ಎತ್ತಿ ಗಾಳಿಚೀಲದಿಂದ ಉಸಿರು ಒತ್ತತೊಡಗಿದ. ನಾನು ಜೋರಾಗಿ ಐದರ ತನಕ ಎಣಿಸಬೇಕು, ಐದಕ್ಕೆ ಅವನು ಒತ್ತಬೇಕು. ಗಾಬರಿಯಲ್ಲಿ ನಾನು ಕನ್ನಡದಲ್ಲಿ ಎಣಿಸುತ್ತಿದ್ದೆ ಅಂತ ಆಮೇಲೆ ಗೊತ್ತಾಯಿತು. ಅವನು ಏನೂ ಕೇಳದೆ ಅದಕ್ಕೇ ಹೊಂದಿಕೊಂಡಿದ್ದ.

80. 88. 93. ಎದೆ ತಾನಾಗಿ ಏಳತೊಡಗಿತು. ತುಟಿಗೆ ಬಣ್ಣ ಬಂತು. ಕಣ್ಣು ಮಾತ್ರ ಬಿಡಲಿಲ್ಲ. ಸುತ್ತ ಸೇರಿದ್ದವರಲ್ಲಿ ಒಬ್ಬ “ಇನ್ನೊಂದು ಕೊಡಿ, ಇನ್ನೊಂದು ಕೊಡಿ” ಅಂತ ಅರಚಿದ. ಕೊಡಬೇಕು ಅಂತ ನನಗೂ ಕೈ ತುರಿಸುತ್ತಿತ್ತು. ಹಿರಿಯ ಬೇಡ ಅಂದ. ಮಗ್ಗುಲಾಗಿಸಿ, ಮೇಲಿನ ಮೊಣಕಾಲು ಮಡಚಿ, ಕೈಯನ್ನು ಕೆನ್ನೆಯ ಕೆಳಗಿಟ್ಟು ಕೂತೆವು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟು ಉಸಿರು ಎಣಿಸಿದೆ. ಆಂಬುಲೆನ್ಸ್ ಬಂದಾಗಲೂ ಅವಳು ಪೂರ್ತಿ ಎಚ್ಚರ ಆಗಿರಲಿಲ್ಲ. ಸ್ಟ್ರೆಚರ್ ಎತ್ತುವಾಗ ‘ನನ್ನ ಬ್ಯಾಗು’ ಅಂತ ಗೊಣಗಿದಳು. ಬ್ಯಾಗು ಕೊಟ್ಟೆವು.

ಇಲ್ಲಿಗೆ ನಾನು ಕಲಿಯಬೇಕಾದ್ದನ್ನು ಕಲಿತೆ ಅನ್ನಿಸಿತ್ತು. 2024ರ ಬೇಸಿಗೆಗೆ ಮುಂಚೆಯೇ ಎಲ್ಲ ಬದಲಾಯಿತು. ಬೀದಿಯಲ್ಲಿ ಒಮ್ಮೆಗೇ ಹಲವರು ಬೀಳತೊಡಗಿದರು. ನಾಡಿ ತೀರಾ ನಿಧಾನ, ಎಬ್ಬಿಸಲಾಗದ ಮಂಪರು. ಮಾದರಿಗಳನ್ನು ಲ್ಯಾಬಿಗೆ ಕಳಿಸಿದಾಗ ಸಿಕ್ಕಿದ್ದು ಮೆಡಿಟೋಮಿಡಿನ್. ಇದೂ ಪಶುವೈದ್ಯರದ್ದೇ, ನಾಯಿಗಳಿಗೆ ಕೊಡುವುದು. ಜೈಲಜೀನ್‌ನ ದಾಯಾದಿ, ಆದರೆ ಅದಕ್ಕಿಂತ ಎಷ್ಟೋ ಪಟ್ಟು ಜೋರು. 2023ರಲ್ಲಿ ಪೆನ್ಸಿಲ್ವೇನಿಯಾ ಜೈಲಜೀನ್ ಅನ್ನು ನಿಯಂತ್ರಿತ ಔಷಧಗಳ ಪಟ್ಟಿಗೆ ಸೇರಿಸಿತ್ತು. ಒಂದನ್ನು ಬಿಗಿ ಮಾಡಿದರೆ ಮಾರುವವರು ಪಕ್ಕದ್ದಕ್ಕೆ ಹೋಗ್ತಾರೆ, ಅಷ್ಟೇ ಅಲ್ವಾ? 2024 ಮುಗಿಯುವ ಹೊತ್ತಿಗೆ ಇಲ್ಲಿನ ಬಹುಪಾಲು ಮಾದರಿಗಳಲ್ಲಿ ಮೆಡಿಟೋಮಿಡಿನ್, ಜೈಲಜೀನ್ ಮೂರನೇ ಒಂದು ಪಾಲಿಗೆ ಇಳಿದಿತ್ತು.

ಗಾಯಗಳು ಕಡಿಮೆಯಾದವು ಅಂತ ನಮ್ಮ ನರ್ಸ್ ಖುಷಿಪಡುವಷ್ಟರಲ್ಲಿ ಇನ್ನೊಂದು ಬಂತು. ಮೆಡಿಟೋಮಿಡಿನ್ ಬಿಟ್ಟ ಕೆಲವೇ ಗಂಟೆಗಳಲ್ಲಿ ಜನ ನಿಲ್ಲದೆ ವಾಂತಿ ಮಾಡಿಕೊಳ್ಳತೊಡಗಿದರು. ಮೈಯೆಲ್ಲ ನಡುಕ, ಬೆವರು, ರಕ್ತದೊತ್ತಡ ಆಕಾಶಕ್ಕೆ. ಮಾಮೂಲಿ ಡೋಪ್ ಬಿಟ್ಟಾಗಿನ ಸಂಕಟ ಯಮಯಾತನೆ, ಆದರೆ ಅದರಿಂದಲೇ ಸಾಯೋದು ಅಪರೂಪ. ಇದು ಹಾಗಲ್ಲ. 2024ರ ಸೆಪ್ಟೆಂಬರ್‌ನಿಂದ 2025ರ ಜನವರಿಯೊಳಗೆ ನಗರದ ಆಸ್ಪತ್ರೆಗಳಿಗೆ ಹೀಗೆ 150ಕ್ಕೂ ಹೆಚ್ಚು ಜನ ದಾಖಲಾದರು, ಹೆಚ್ಚಿನವರು ಐಸಿಯುಗೇ. ಅಲ್ಲಿ ಅವರಿಗೆ ಕೊಟ್ಟದ್ದು ಡೆಕ್ಸ್‌ಮೆಡಿಟೋಮಿಡಿನ್, ಅಂದರೆ ಅದೇ ಔಷಧದ ಮನುಷ್ಯರಿಗೆ ಒಪ್ಪಿಗೆ ಇರುವ ರೂಪ. ಬೀದಿಯಲ್ಲಿ ರೋಗ ತಂದದ್ದೇ ಆಸ್ಪತ್ರೆಯಲ್ಲಿ ಮದ್ದು. ಅಪ್ಪನಿಗೆ ಹೇಳಿದಾಗ ಅವರಿಗೆ ಇದು ವಿಚಿತ್ರ ಅನ್ನಿಸಲೇ ಇಲ್ಲ. “ಅಳತೆ ಒಂದು ಗೊತ್ತಿದ್ರೆ ಎಲ್ಲ ಮದ್ದೇ” ಅಂದರು.

ನಮ್ಮ ಕೆಲಸವೂ ಬದಲಾಯಿತು. ಮೊದಲು ಕೇಳುತ್ತಿದ್ದದ್ದು “ಕೊನೆಗೆ ಏನು ತಗೊಂಡೆ?” ಅಂತ. ಈಗ “ಕೊನೆಗೆ ಯಾವಾಗ ತಗೊಂಡೆ?” ಅಂತ ಕೇಳಬೇಕು. ನಾಲ್ಕಾರು ಗಂಟೆ ದಾಟಿ, ನೀರು ಕೂಡ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಕ್ಲಿನಿಕ್ ಅಲ್ಲ, ನೇರ ಎಮರ್ಜೆನ್ಸಿಗೆ. ಗಾಡಿಯಲ್ಲಿ ರಕ್ತದೊತ್ತಡ ನೋಡುವ ಯಂತ್ರ ಸೇರಿತು.

ದೇಶದ ಲೆಕ್ಕದಲ್ಲಿ ಸಾವು ಇಳಿದಿದೆ, ಅದನ್ನೂ ಹೇಳಬೇಕು. 2023ರಲ್ಲಿ ಸುಮಾರು 1 ಲಕ್ಷ 5 ಸಾವಿರ ಇದ್ದದ್ದು 2024ರಲ್ಲಿ 80 ಸಾವಿರದ ಆಸುಪಾಸಿಗೆ ಬಂತು. ನಲೋಕ್ಸೋನ್ ಎಲ್ಲ ಕಡೆ ಸಿಗುವಂತಾದದ್ದು ಒಂದು ಕಾರಣ. ಇಂಥದ್ದೇ ಕಾರಣ ಅಂತ ತಜ್ಞರೇ ಒಮ್ಮತಕ್ಕೆ ಬಂದಿಲ್ಲ. 2023ರ ಸೆಪ್ಟೆಂಬರ್‌ನಿಂದ ನಾರ್ಕ್ಯಾನ್ ಹೆಸರಿನ ನಲೋಕ್ಸೋನ್ ಸ್ಪ್ರೇಯನ್ನು ಮೆಡಿಕಲ್ ಸ್ಟೋರಿನಲ್ಲಿ ಡಾಕ್ಟರ ಚೀಟಿಯಿಲ್ಲದೆ ಕೊಳ್ಳಬಹುದು, ಎರಡಕ್ಕೆ 45 ಡಾಲರ್ ಸುಮಾರು. ಫಿಲಡೆಲ್ಫಿಯಾದಲ್ಲಿ ಬಿಟ್ಟಿಯಾಗೇ ಸಿಗುತ್ತೆ. ಸಹಾಯಕ್ಕೆ 911 ಕರೆದವರನ್ನು, ಅವರ ಹತ್ತಿರ ಅಲ್ಪಸ್ವಲ್ಪ ಮಾದಕವಸ್ತು ಇದ್ದರೂ ಅದಕ್ಕಾಗಿ ಕೇಸು ಹಾಕದಂತೆ ಕಾಪಾಡುವ ಕಾನೂನು ಪೆನ್ಸಿಲ್ವೇನಿಯಾದಲ್ಲಿ 2014ರಿಂದಲೇ ಇದೆ. ಆ ರೂಮ್‌ಮೇಟ್ ಹುಡುಗನಿಗೆ ಇದು ಗೊತ್ತಿತ್ತೋ ಇಲ್ಲವೋ.

ನಮ್ಮ ಕನ್ನಡ ಬಳಗದ ಯುಗಾದಿ ಕಾರ್ಯಕ್ರಮಕ್ಕೆ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಎರಡು ನಾರ್ಕ್ಯಾನ್ ಇಡೋಣ ಅಂತ ಕೇಳಿದೆ. ಕಮಿಟಿಯ ಅಂಕಲ್ ಒಬ್ಬರು, “ಅಯ್ಯೋ, ನಮ್ಮವರಲ್ಲಿ ಅಂಥದ್ದೆಲ್ಲ ಎಲ್ಲಿ ಬಂತಮ್ಮ? ನೋಡಿದವರು ಏನಂದುಕೊಳ್ತಾರೆ?” ಅಂದರು. ಆ ಹುಡುಗನ ತಾಯಿ ಅಲ್ಲೇ ಬೇವುಬೆಲ್ಲ ಕಲೆಸುತ್ತಾ ಇದ್ದರು. ಅವರ ಮುಂದೆ ನಾನು ಬಾಯಿ ಬಿಡುವ ಹಾಗಿರಲಿಲ್ಲ. ಅವರೇ ಕೈ ತೊಳೆದುಕೊಂಡು ಬಂದು ನನ್ನ ಕೈಯಿಂದ ಡಬ್ಬಿ ತಗೊಂಡು ಪೆಟ್ಟಿಗೆಯಲ್ಲಿ ಬ್ಯಾಂಡ್ಏಡ್ ಪಕ್ಕ ಇಟ್ಟರು. ಅಂಕಲ್ ಆಮೇಲೆ ಕೇಳಿದ್ದು ಎಕ್ಸ್‌ಪೈರಿ ಡೇಟ್ ಮಾತ್ರ.

ಈ ವಾರ ಗುಂಪಿನಿಂದ ಮೇಲ್ ಬಂದಿದೆ. ಮೆಡಿಟೋಮಿಡಿನ್ ಪಟ್ಟಿಗಳು ಬಂದಿವೆ, ಅದನ್ನು ಓದುವ ರೀತಿ ಕಲಿಯಲು ಹಳಬರೂ ಮತ್ತೆ ಕೂರಬೇಕಂತೆ. ಸುತ್ತೋಲೆಯ ಎರಡನೇ ಪುಟದಲ್ಲಿ ನೈಟಜೀನ್ ಅನ್ನುವ ಇನ್ನೊಂದು ಗುಂಪಿನ ಬಗ್ಗೆ ಎಚ್ಚರಿಕೆ ಇದೆ. ಅವು ಓಪಿಯಾಯ್ಡ್‌ಗಳೇ, ಹಾಗಾಗಿ ನಲೋಕ್ಸೋನ್ ನಾಟುತ್ತೆ. ಫೆಂಟನಿಲ್ ಪಟ್ಟಿ ಮಾತ್ರ ಅವುಗಳನ್ನು ಹಿಡಿಯೋದಿಲ್ಲ. ಶನಿವಾರದ ಕ್ಲಾಸಿಗೆ ಹೆಸರು ಕೊಟ್ಟಿದ್ದೀನಿ. ಪಟ್ಟಿಯಲ್ಲಿ ಇನ್ನೂ ಜಾಗ ಇದೆ.